ಪರಲೋಕದ ಮೇಲೆ ಬಾಜಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸತ್ತ ಮೇಲೆ ಏನಾಗುತ್ತದೆ ಎಂಬುದರ ಮೇಲೆ ನಿಜವಾಗಿಯೂ ಬಾಜಿ ಕಟ್ಟಬಹುದೇ?

ನೀವು ಆಗಲೇ ಕಟ್ಟಿದ್ದೀರಿ. ಪರಲೋಕ ಇದೆ ಎಂಬ ಲೆಕ್ಕದಲ್ಲಿ ಕೆಲವರು ದಿನ ಕಳೆಯುತ್ತಾರೆ, ಇಲ್ಲ ಎಂಬ ಲೆಕ್ಕದಲ್ಲಿ ಕೆಲವರು. "ನನಗೇನೂ ಗೊತ್ತಿಲ್ಲಪ್ಪ, ನಾನು ಆಟಕ್ಕೇ ಬರುವುದಿಲ್ಲ" ಎನ್ನುವವರೂ ನಾಳೆ ಬೆಳಿಗ್ಗೆ ಎದ್ದು ಈ ಎರಡರಲ್ಲಿ ಒಂದು ಬಗೆಯಾಗಿಯೇ ಬದುಕಬೇಕು. ಫ್ರಾನ್ಸಿನ ಗಣಿತಜ್ಞ ಬ್ಲೇಸ್ ಪ್ಯಾಸ್ಕಲ್ (1623–1662) ಇದನ್ನು ಖಡಾಖಂಡಿತವಾಗಿ ಹೇಳಿದ: ಬಾಜಿ ಕಟ್ಟಲೇಬೇಕು, ಅದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ನೀವಾಗಲೇ ಹಡಗು ಹತ್ತಿಬಿಟ್ಟಿದ್ದೀರಿ.

ಈ ಪ್ಯಾಸ್ಕಲ್‌ಗೆ ಜೂಜಿನ ವಿಷಯದಲ್ಲಿ ಏನು ಅಧಿಕಾರ?

ಅವನಷ್ಟು ಅಧಿಕಾರ ಇನ್ನಾರಿಗೂ ಇರಲಿಲ್ಲ. 1654ರಲ್ಲಿ ಅವನೂ ಇನ್ನೊಬ್ಬ ಗಣಿತಜ್ಞ ಪಿಯರ್ ದ ಫರ್ಮಾನೂ ಪತ್ರಗಳಲ್ಲಿ ಒಂದು ಜೂಜಿನ ಜಗಳ ಬಿಡಿಸಲು ಕೂತರು. ಇಬ್ಬರು ತಲಾ 32 ನಾಣ್ಯ ಇಟ್ಟು ಆಡುತ್ತಿದ್ದಾರೆ, ಮೊದಲು ಮೂರು ಆಟ ಗೆದ್ದವನಿಗೆ ಎಲ್ಲವೂ. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು. ಅಷ್ಟರಲ್ಲಿ ಆಟ ನಿಂತಿತು. ಹಣ ಹಂಚುವುದು ಹೇಗೆ? ಪ್ಯಾಸ್ಕಲ್‌ನ ಉತ್ತರ: ಮುಂದಿದ್ದವನಿಗೆ 48, ಹಿಂದಿದ್ದವನಿಗೆ 16. ಮುಂದಿನ ಆಟ ನಡೆದಿದ್ದರೆ ಏನಾಗಬಹುದಿತ್ತು ಎಂಬುದನ್ನು ಎಣಿಸಿ ಇವತ್ತಿನ ಪಾಲು ನಿರ್ಧರಿಸುವ ಈ ಬಗೆಯಿಂದಲೇ ಸಂಭವನೀಯತೆಯ ಗಣಿತ ಬೆಳೆಯಿತು. ಅರ್ಧಕ್ಕೆ ನಿಂತ ಆಟದ ಲೆಕ್ಕ ಬಿಡಿಸಿದವನೇ ಮುಂದೆ ಅರ್ಧಕ್ಕೆ ನಿಲ್ಲುವ ಮನುಷ್ಯನ ಬದುಕಿಗೂ ಅದೇ ಲೆಕ್ಕ ಹಚ್ಚಿದ ಎಂಬುದು ನನಗೆ ಬಲು ಇಷ್ಟವಾದ ಸಂಗತಿ.

ಅದೇ ವರ್ಷ ನವೆಂಬರ್ 23ರ ರಾತ್ರಿ ಅವನಿಗೊಂದು ತೀವ್ರ ದೈವಾನುಭವವಾಯಿತು. ಅದನ್ನು ಬರೆದಿಟ್ಟು, ಆ ಬರಹವನ್ನು ತನ್ನ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡು ತಿರುಗಿದ. ಅದು ಇನ್ನೊಬ್ಬರ ಕಣ್ಣಿಗೆ ಬಿದ್ದದ್ದು ಅವನು ಸತ್ತ ಮೇಲೆ.

ಸರಿ, ಅವನ ಲೆಕ್ಕವೇನು?

ದೇವರು ಇದ್ದಾನೆ ಎಂದು ಬಾಜಿ ಕಟ್ಟಿ, ಅವನು ಇದ್ದರೆ, ಸಿಗುವುದು ಕೊನೆಯೇ ಇಲ್ಲದ ಸುಖ. ಇಲ್ಲದಿದ್ದರೆ ಕಳೆದುಕೊಳ್ಳುವುದು ಒಂದಿಷ್ಟು, ಅದಕ್ಕೆ ಮಿತಿ ಇದೆ. ಇಲ್ಲ ಎಂದು ಬಾಜಿ ಕಟ್ಟಿದವನಿಗೆ ಗೆದ್ದರೂ ಸಿಗುವುದು ಆ ಮಿತಿಯೊಳಗಿನ ಸುಖವೇ. ಅನಂತವನ್ನು ಎಷ್ಟೇ ಸಣ್ಣ ಸಾಧ್ಯತೆಯಿಂದ ಗುಣಿಸಿದರೂ, ಆ ಸಾಧ್ಯತೆ ಸೊನ್ನೆಯಾಗಿರದಿದ್ದರೆ ಸಾಕು, ಅನಂತವೇ ಉಳಿಯುತ್ತದೆ. ಆದ್ದರಿಂದ ಇದ್ದಾನೆ ಎಂದೇ ಕಟ್ಟಿ, ಹಿಂದೆಮುಂದೆ ನೋಡಬೇಡಿ. ಇದು ಅವನು ಗೀಚಿಟ್ಟ ಟಿಪ್ಪಣಿಗಳಲ್ಲೊಂದು. ಅವನ ಮರಣಾನಂತರ, 1670ರಲ್ಲಿ, ಅವೆಲ್ಲ ಪುಸ್ತಕವಾಗಿ ಬಂದವು.

ಇಷ್ಟು ಸುಲಭವಿದ್ದರೆ ಎಲ್ಲರೂ ಯಾಕೆ ಕಟ್ಟುತ್ತಿಲ್ಲ?

ಯಾವ ದೇವರ ಮೇಲೆ ಕಟ್ಟಬೇಕು ಎಂಬುದು ಮೊದಲ ತೊಡಕು. ಇಮಾಮನೊಬ್ಬನೂ ಇದೇ ವಾದ ಹೂಡಬಲ್ಲ ಎಂದು ಫ್ರೆಂಚ್ ಚಿಂತಕ ದಿದೆರೋ ಹದಿನೆಂಟನೆಯ ಶತಮಾನದಲ್ಲೇ ಹೇಳಿದ್ದ. ಪ್ಯಾಸ್ಕಲ್‌ನ ಪಟ್ಟಿಯಲ್ಲಿ ಎರಡೇ ಕುದುರೆಗಳು. ನಿಜವಾದ ಮೈದಾನದಲ್ಲಿ ಎಷ್ಟೋ ಕುದುರೆಗಳು ಓಡುತ್ತಿವೆ. ಒಂದೊಂದರ ಬಹುಮಾನವೂ ಅನಂತ, ಕೆಲವದರ ನಿಯಮದ ಪ್ರಕಾರ ಬೇರೆ ಕುದುರೆಯ ಮೇಲೆ ಹಣ ಹಾಕಿದವನಿಗೆ ದಂಡ.

ಎರಡನೆಯ ತೊಡಕು ಅನಂತದ್ದು. ಅದು ಲೆಕ್ಕದ ಪುಸ್ತಕಕ್ಕೆ ಕಾಲಿಟ್ಟರೆ ಉಳಿದ ಅಂಕಿಗಳೆಲ್ಲ ಬೆಲೆ ಕಳೆದುಕೊಳ್ಳುತ್ತವೆ. ತತ್ತ್ವಶಾಸ್ತ್ರಜ್ಞ ಅಲನ್ ಹಾಯೆಕ್ 2003ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಆಸ್ತಿಕನಾಗುತ್ತೇನೆ, ಬಾಲ ಬಿದ್ದರೆ ಇಲ್ಲ ಎಂದುಕೊಳ್ಳಿ. ಅನಂತದ ಅರ್ಧವೂ ಅನಂತವೇ, ಹಾಗಾಗಿ ಜೀವಮಾನವಿಡೀ ಭಕ್ತಿಯಿಂದಿದ್ದವನಿಗೂ ನಾಣ್ಯ ಚಿಮ್ಮಿದವನಿಗೂ ಲೆಕ್ಕದಲ್ಲಿ ಒಂದೇ ಫಲ. ಮುಂದೆಂದೋ ಮನಸ್ಸು ಬದಲಾದೀತು ಎಂಬ ಸಣ್ಣ ಸಾಧ್ಯತೆ ಇಟ್ಟುಕೊಂಡು ಇವತ್ತು ಮಲಗಿಬಿಡುವವನಿಗೂ ಅಷ್ಟೇ ಫಲ! ಸೋಮಾರಿಗಳಿಗೆ ಇದಕ್ಕಿಂತ ಶುಭವಾರ್ತೆ ಗಣಿತದಲ್ಲಿ ಇನ್ನೊಂದಿಲ್ಲ.

ಮೂರನೆಯದು ಫ್ರೆಂಚ್ ಲೇಖಕ ವೋಲ್ತೇರ್ 1734ರಲ್ಲಿ ಎತ್ತಿದ ಆಕ್ಷೇಪ. ಒಂದು ವಿಷಯ ನಿಜವಾಗಿರಲಿ ಎಂದು ನನಗೆ ಆಸೆಯಿರುವುದು ಅದು ನಿಜ ಎನ್ನುವುದಕ್ಕೆ ಸಾಕ್ಷಿಯಾಗುವುದಿಲ್ಲ. ಅವನಿಗೆ ಇಷ್ಟು ಗಂಭೀರ ವಿಷಯಕ್ಕೆ ಜೂಜಿನ ಮಾತು ತಂದದ್ದೂ ಹಿಡಿಸಲಿಲ್ಲ. ಅದರಲ್ಲಿ ನನ್ನ ಒಪ್ಪಿಗೆ ಇಲ್ಲ. ಸಾವಿನಂಥ ವಿಷಯವನ್ನು ನಗುತ್ತ ಮಾತಾಡಲು ಬಾರದಿದ್ದರೆ ಮಾತಾಡುವುದೇ ನಿಂತುಹೋಗುತ್ತದೆ.

ನಂಬಿಕೆಯೇ ಬಾರದಿದ್ದರೆ? ಬಾಜಿ ಕಟ್ಟಿದ ಮಾತ್ರಕ್ಕೆ ನಂಬಿದಂತೆ ಆಗುತ್ತದೆಯೇ?

ಆಗುವುದಿಲ್ಲ, ಪ್ಯಾಸ್ಕಲ್‌ಗೂ ಅದು ಗೊತ್ತಿತ್ತು. ನಂಬಿದವರು ಮಾಡುವುದನ್ನು ಮಾಡುತ್ತ ಹೋಗಿ, ತೀರ್ಥ ತೆಗೆದುಕೊಳ್ಳಿ, ಪೂಜೆ ಮಾಡಿಸಿ, ನಂಬಿಕೆ ನಿಧಾನಕ್ಕೆ ತಾನೇ ಬರುತ್ತದೆ ಎಂದ. ಅಭ್ಯಾಸದಿಂದ ಮನಸ್ಸು ಹದಕ್ಕೆ ಬರುವುದು ಹೌದು. ಆದರೆ ಲಾಭದ ಲೆಕ್ಕ ಹಾಕಿ ನಂಬುವವರನ್ನು ಕಂಡರೆ ದೇವರಿಗೆ ಖುಷಿಯಾಗಲಿಕ್ಕಿಲ್ಲ ಎಂದು ಅಮೆರಿಕದ ತತ್ತ್ವಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1896ರಲ್ಲಿ ಬರೆದರು. ನಾವೇ ದೇವರ ಜಾಗದಲ್ಲಿದ್ದರೆ ಇಂಥವರಿಗೆ ಬಹುಮಾನ ತಪ್ಪಿಸಲು ಸಂತೋಷಪಡುತ್ತಿದ್ದೆವು ಎಂಬುದು ಅವರ ಮಾತಿನ ಸಾರ.

ಪ್ಯಾಸ್ಕಲ್‌ಗಿಂತ ಮೊದಲು ಯಾರಿಗೂ ಇದು ಹೊಳೆದಿರಲಿಲ್ಲವೇ?

ಎಷ್ಟೋ ಜನಕ್ಕೆ ಹೊಳೆದಿತ್ತು. ಸುಮಾರು ಕ್ರಿ.ಶ. 300ರಲ್ಲಿ ಉತ್ತರ ಆಫ್ರಿಕಾದ ಕ್ರೈಸ್ತ ಲೇಖಕ ಅರ್ನೋಬಿಯಸ್ ಇಂಥದ್ದೇ ಮಾತು ಬರೆದ. ಸಿರಿಯಾದ ಕುರುಡ ಕವಿ ಅಲ್-ಮಅರ್ರಿ (973–1057) ಧರ್ಮಗಳನ್ನೆಲ್ಲ ಕಟುವಾಗಿ ಪ್ರಶ್ನಿಸಿದವನು. ಅವನ ಪದ್ಯವೊಂದರಲ್ಲಿ ಜ್ಯೋತಿಷಿಯೂ ವೈದ್ಯನೂ ಸತ್ತವರು ಏಳುವುದಿಲ್ಲ ಎಂದು ಸಾಧಿಸುತ್ತಾರೆ. ನಿಮ್ಮ ಮಾತು ನಿಜವಾದರೆ ನನಗೇನೂ ನಷ್ಟವಿಲ್ಲ, ನನ್ನದು ನಿಜವಾದರೆ ನಷ್ಟ ನಿಮ್ಮದು ಎಂಬುದು ಅವನ ಉತ್ತರ. ನಮ್ಮ ಸಂಸ್ಕೃತ ಸುಭಾಷಿತವೊಂದು ಇದನ್ನೇ ಎರಡು ಸಾಲಿನಲ್ಲಿ ಮುಗಿಸುತ್ತದೆ: ಪರಲೋಕ ಸಂದೇಹಾಸ್ಪದವಾಗಿದ್ದರೂ ಜಾಣರು ಕೆಟ್ಟದ್ದನ್ನು ಬಿಡಬೇಕು, ಅದು ಇಲ್ಲದಿದ್ದರೆ ಹೋಗುವುದೇನು, ಇದ್ದರೆ ನಾಸ್ತಿಕ ಕೆಟ್ಟ.

ಇವೆಲ್ಲಕ್ಕಿಂತ ಹಳೆಯದೂ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದದ್ದೂ ಬುದ್ಧನದು. ಪಾಲಿ ಭಾಷೆಯ ಬೌದ್ಧ ಗ್ರಂಥ ಮಜ್ಝಿಮ ನಿಕಾಯದ 60ನೆಯ ಸುತ್ತ (ಉಪದೇಶ) ಅದು, ಹೆಸರು ಅಪಣ್ಣಕ. ಕೋಸಲದ ಸಾಲಾ ಎಂಬ ಊರಿನ ಗೃಹಸ್ಥರಿಗೆ ಬುದ್ಧ ಹೇಳುವುದು ಇಷ್ಟು. ಪರಲೋಕವಿಲ್ಲ, ಆದ್ದರಿಂದ ಏನು ಮಾಡಿದರೂ ನಡೆಯುತ್ತದೆ ಎಂದು ನಡೆದುಕೊಳ್ಳುವವನು ಇಲ್ಲಿಯೇ ವಿವೇಕಿಗಳ ನಿಂದೆಗೆ ಗುರಿಯಾಗುತ್ತಾನೆ. ಪರಲೋಕ ಇದ್ದುಬಿಟ್ಟರೆ ಅಲ್ಲಿಯೂ ದುರ್ಗತಿ. ಎರಡೂ ಕಡೆ ಸೋಲಿನ ದಾಯ ಬಿದ್ದಂತೆ. ಸನ್ನಡತೆಯವನಿಗೆ ಪರಲೋಕ ಇಲ್ಲದಿದ್ದರೂ ಇಲ್ಲಿ ಮನ್ನಣೆ ಉಂಟು, ಇದ್ದರೆ ಎರಡೂ ಕಡೆ ಗೆಲುವಿನ ದಾಯ. ದಾಯದ ಮಾತು ನಾನು ಸೇರಿಸಿದ್ದಲ್ಲ, ಪಗಡೆಯ ಹೋಲಿಕೆ ಸುತ್ತದಲ್ಲೇ ಇದೆ.

ಇಲ್ಲಿ ಅನಂತದ ಗೊಡವೆಯೇ ಇಲ್ಲ ನೋಡಿ. ಯಾವ ಕುದುರೆ ಎಂಬ ಪ್ರಶ್ನೆಯೂ ಹೆಚ್ಚು ಕಾಡುವುದಿಲ್ಲ. ಯಾಕೆಂದರೆ ಇಲ್ಲಿಯೇ ಒಂದಿಷ್ಟು ಗೆಲುವು ಕೈಗೆ ಬಂದಿರುತ್ತದೆ. ಇನ್ನೂ ಕುತೂಹಲದ ಸಂಗತಿಯೆಂದರೆ ಪ್ಯಾಸ್ಕಲ್ ಕೂಡ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಅವನ ಟಿಪ್ಪಣಿಯಲ್ಲಿ ಎದುರಾಳಿ "ಕಟ್ಟಬೇಕು ನಿಜ, ಆದರೆ ನಾನು ಜಾಸ್ತಿಯೇ ಪಣಕ್ಕಿಡುತ್ತಿದ್ದೇನೇನೋ" ಎಂದು ಅಳುಕುತ್ತಾನೆ. ಕೊನೆಯಲ್ಲಿ ಅವನಿಗೆ ಪ್ಯಾಸ್ಕಲ್ ಹೇಳುವುದು: ನೀನು ಪ್ರಾಮಾಣಿಕನಾಗುತ್ತೀಯ, ವಿನಯವಂತನಾಗುತ್ತೀಯ, ಉಪಕಾರಿಯೂ ನಿಜವಾದ ಗೆಳೆಯನೂ ಆಗುತ್ತೀಯ, ಈ ಜನ್ಮದಲ್ಲೇ ಗೆಲ್ಲುತ್ತೀಯ. ಎಲ್ಲರೂ ಅನಂತದ ಗುಣಾಕಾರವನ್ನು ಉದ್ಧರಿಸುತ್ತಾರೆ, ಈ ಕೊನೆಯ ಭಾಗವನ್ನು ಬಿಡುತ್ತಾರೆ. ಬಾಜಿಯ ಜೀವ ಇರುವುದು ಇದರಲ್ಲಿ.

ಎರಡೂ ಕಡೆ ಸ್ವಲ್ಪಸ್ವಲ್ಪ ಕಟ್ಟಿದರೆ ಹೇಗೆ?

ಏಳನೆಯ ಶತಮಾನದ ಇಂಗ್ಲೆಂಡಿನಲ್ಲಿ ರೆಡ್ವಾಲ್ಡ್ ಎಂಬ ದೊರೆ ಇದನ್ನು ಮಾಡಿ ನೋಡಿದ. ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೆಯ ದೇವತೆಗಳಿಗೊಂದು ಚಿಕ್ಕ ಪೀಠ ಇಟ್ಟುಕೊಂಡಿದ್ದ. ಇತಿಹಾಸಕಾರ ಬೀಡ್ ಇದನ್ನು ಸಿಟ್ಟಿನಿಂದಲೇ ದಾಖಲಿಸಿದ್ದಾನೆ. 1939ರಲ್ಲಿ ಸಟನ್ ಹೂ ಎಂಬಲ್ಲಿ ದಿಬ್ಬ ಅಗೆದಾಗ ಸಿಕ್ಕ ಸಮಾಧಿ ಇವನದೇ ಇರಬೇಕೆಂದು ಹಲವು ವಿದ್ವಾಂಸರ ಊಹೆ. ಹಳೆಯ ಪದ್ಧತಿಯಂತೆ ಪರಲೋಕದ ಪ್ರಯಾಣಕ್ಕೆ ಇಡೀ ಹಡಗನ್ನೇ ಹೂತಿದ್ದರು, ಪಕ್ಕದಲ್ಲಿ ಗ್ರೀಕ್ ಅಕ್ಷರದಲ್ಲಿ ಸಂತ ಪೌಲನ ಹೆಸರು ಕೆತ್ತಿದ ಬೆಳ್ಳಿ ಚಮಚವೂ ಇತ್ತು.

ಎರಡು ದೋಣಿಗೆ ಕಾಲಿಟ್ಟವರ ಗತಿ ಗಾದೆಯಲ್ಲಿ ಬಂದಿದೆ. ಆದರೂ ರೆಡ್ವಾಲ್ಡ್‌ನ ಮೇಲೆ ನನಗೆ ಅಕ್ಕರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಇಷ್ಟು ಬಹಿರಂಗವಾಗಿ ಒಪ್ಪಿಕೊಂಡ ದೊರೆಗಳು ಎಷ್ಟು ಜನ ಸಿಗುತ್ತಾರೆ?

ಕೊನೆಗಳಿಗೆಯವರೆಗೆ ಕಾದು ಆಮೇಲೆ ಕಟ್ಟಬಹುದೇ?

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಸ್ನಾನದಿಂದ ಹಿಂದಿನ ಪಾಪವೆಲ್ಲ ತೊಳೆದುಹೋಗುತ್ತದೆ ಎಂಬ ನಂಬಿಕೆಯಿದ್ದ ಆ ಕಾಲದಲ್ಲಿ ಹಲವರು ಹೀಗೆ ತಡಮಾಡುತ್ತಿದ್ದರು. ಭಾಗವತದ ಅಜಾಮಿಳನದು ಇದಕ್ಕೂ ಸೋಜಿಗ. ಯಮದೂತರನ್ನು ಕಂಡು ಹೆದರಿ ತನ್ನ ಕಿರಿಮಗನನ್ನು "ನಾರಾಯಣಾ" ಎಂದು ಕೂಗಿದ, ವಿಷ್ಣುದೂತರು ಓಡಿಬಂದರು. ಬಾಜಿ ಕಟ್ಟುವ ಉದ್ದೇಶವೇ ಇಲ್ಲದವನಿಗೆ ಗೆಲುವು ಒಲಿಯಿತು. ಆದರೆ ಕಥೆಯ ಮುಂದಿನ ಭಾಗವನ್ನೂ ಓದಬೇಕು: ಅವನು ಅಂದೇ ವೈಕುಂಠಕ್ಕೆ ಹೋಗಲಿಲ್ಲ, ಬದುಕುಳಿದು, ಪಶ್ಚಾತ್ತಾಪಪಟ್ಟು, ತಪಸ್ಸು ಮಾಡಿ ಆಮೇಲೆ ಹೋದ.

ಕಾಯುವುದರ ದೊಡ್ಡ ತೊಂದರೆ ಒಂದೇ. ಯಾವುದು ಕೊನೆಗಳಿಗೆ ಎಂದು ಮೊದಲೇ ಯಾರೂ ತಿಳಿಸುವುದಿಲ್ಲ.

ಫಿಕ್ಸಿಂಗ್ ಸಾಧ್ಯವೇ?

ಪ್ರಾಚೀನ ಈಜಿಪ್ಟಿನವರು ಮನಸ್ಸಿಟ್ಟು ಪ್ರಯತ್ನಿಸಿದರು. ಅಲ್ಲಿಯ ನ್ಯಾಯಸಭೆಯಲ್ಲಿ ಸತ್ತವನ ಹೃದಯವನ್ನು ಸತ್ಯದೇವತೆ ಮಾತ್‌ಳ ಗರಿಯೊಂದಿಗೆ ತೂಗುತ್ತಾರೆ. ತೂಕ ತಪ್ಪಿದರೆ ಮೊಸಳೆಮೂತಿಯ ಅಮ್ಮಿತ್ ಹೃದಯವನ್ನು ನುಂಗುತ್ತಾಳೆ. ಸತ್ತವರ ಜೊತೆ ಇಡುತ್ತಿದ್ದ ಮಂತ್ರಗಳಲ್ಲೊಂದು (ಈಗಿನ ಎಣಿಕೆಯಲ್ಲಿ 30ಬಿ) ನೇರವಾಗಿ ಹೃದಯವನ್ನೇ ಬೇಡಿಕೊಳ್ಳುತ್ತದೆ: ನನ್ನ ವಿರುದ್ಧ ಸಾಕ್ಷಿ ಹೇಳಬೇಡ, ತಕ್ಕಡಿಯ ಮುಂದೆ ನನಗೆ ಎದುರು ನಿಲ್ಲಬೇಡ. ಜೀರುಂಡೆಯ ಆಕಾರದ ಕಲ್ಲಿನ ತಾಯಿತದ ಮೇಲೆ ಇದನ್ನು ಕೆತ್ತಿ ಹೆಣದ ಎದೆಯ ಮೇಲಿಡುತ್ತಿದ್ದರು. ತೂಗುವವರಿಗೆ ಲಂಚ ಕೊಡುವ ಯೋಚನೆಗಿಂತ ಮೊದಲು ತನ್ನ ಹೃದಯವೇ ತನ್ನ ಗುಟ್ಟು ಬಿಟ್ಟುಕೊಟ್ಟೀತು ಎಂದು ಹೆದರಿದ ಆ ಜನ ಮನುಷ್ಯನನ್ನು ಎಷ್ಟು ಚೆನ್ನಾಗಿ ಅರಿತಿದ್ದರು!

ಫಲಿತಾಂಶ ಗೊತ್ತಿರುವವರನ್ನೇ ಕೇಳಿಬಿಟ್ಟರೆ?

ನಚಿಕೇತ ಕೇಳಿದ. ಸತ್ತ ಮೇಲೆ ಇದ್ದಾನೆ ಎನ್ನುತ್ತಾರೆ ಕೆಲವರು, ಇಲ್ಲ ಎನ್ನುತ್ತಾರೆ ಕೆಲವರು, ನೀನೇ ಹೇಳು ಎಂದು ಯಮನ ಮನೆಬಾಗಿಲಲ್ಲೇ ಹಟ ಹಿಡಿದ. ಕಠೋಪನಿಷತ್ತಿನ ಯಮ ಕೊಡುವ ಮೊದಲ ಉತ್ತರ: ದೇವತೆಗಳಿಗೂ ಈ ವಿಷಯದಲ್ಲಿ ಸಂಶಯವಿತ್ತು, ಬೇರೆ ವರ ಕೇಳು. ಆನೆ, ಕುದುರೆ, ಚಿನ್ನ, ನೂರು ವರ್ಷ ಬದುಕುವ ಮಕ್ಕಳುಮರಿ, ಏನು ಬೇಕಾದರೂ ಕೊಡುತ್ತೇನೆ, ಇದೊಂದನ್ನು ಬಿಡು. ಹುಡುಗ ಬಿಡಲಿಲ್ಲ. ಕೊನೆಗೆ ಯಮ ಮಾತಾಡಿದ, ಆದರೆ "ಇದೆ" ಅಥವಾ "ಇಲ್ಲ" ಎಂಬ ಒಂದು ಪದದ ಫಲಿತಾಂಶ ಪ್ರಕಟಿಸಲಿಲ್ಲ. ಶ್ರೇಯಸ್ಸು (ಒಳಿತು) ಬೇರೆ, ಪ್ರೇಯಸ್ಸು (ಪ್ರಿಯವಾದದ್ದು) ಬೇರೆ ಎಂದು ಶುರುಮಾಡಿ ಬಾಜಿ ಕಟ್ಟುವ ಈ "ನಾನು" ಯಾರು ಎಂಬಲ್ಲಿಗೆ ಮಾತನ್ನು ಒಯ್ದ.

ಮೊದಲು ಸತ್ತವರು ಬಂದು ತಿಳಿಸಲಿ ಎಂದು ಒಪ್ಪಂದ ಮಾಡಿಕೊಳ್ಳಬಹುದೇ?

ಜಾದೂಗಾರ ಹೂಡಿನಿ ಹೆಂಡತಿ ಬೆಸ್ ಜೊತೆ ಇಂಥ ಒಪ್ಪಂದ ಮಾಡಿಕೊಂಡಿದ್ದ. ಇಬ್ಬರಿಗೆ ಮಾತ್ರ ಗೊತ್ತಿರುವ ಸಂಕೇತ ಭಾಷೆಯಲ್ಲಿ ಸಂದೇಶ ಕಳಿಸಬೇಕು. ಅವನು ತೀರಿಕೊಂಡದ್ದು 1926ರ ಅಕ್ಟೋಬರ್ 31ರಂದು. ಆಕೆ ಹತ್ತು ವರ್ಷ ಕಾದು, 1936ರ ಕೊನೆಯ ಪ್ರಯತ್ನದಲ್ಲೂ ಏನೂ ಕೇಳಿಸದೆ, ಅಲ್ಲಿಗೆ ನಿಲ್ಲಿಸಿದಳು. ಬೀಗ ಹಾಕಿದ ಯಾವ ಪೆಟ್ಟಿಗೆಯಿಂದಲೂ ಹೊರಬರಬಲ್ಲವನಿಗೇ ಅಲ್ಲಿಂದ ಬರಲಾಗಲಿಲ್ಲ.

ಅಮೆರಿಕದ ಅರಿಜೋನಾದಲ್ಲಿ ಜೇಮ್ಸ್ ಕಿಡ್ ಎಂಬ ಗಣಿಗಾರ ತನ್ನ ಆಸ್ತಿಯನ್ನೆಲ್ಲ ದೇಹ ಬಿಟ್ಟು ಹೋಗುವ ಆತ್ಮದ ವೈಜ್ಞಾನಿಕ ಪುರಾವೆಗೆ ಬರೆದಿಟ್ಟು ಕಣ್ಮರೆಯಾದ. 1967ರಲ್ಲಿ ಫೀನಿಕ್ಸ್‌ನ ನ್ಯಾಯಾಲಯಕ್ಕೆ ನೂರಕ್ಕೂ ಹೆಚ್ಚು ಹಕ್ಕುದಾರರು ಬಂದರು. ಮೇಲ್ಮನವಿಯೆಲ್ಲ ಮುಗಿದು ಹಣ ಅತೀಂದ್ರಿಯ ಸಂಶೋಧನೆಯ ಸಂಸ್ಥೆಯೊಂದಕ್ಕೆ ಹೋಯಿತು. ಪುರಾವೆ ಇನ್ನೂ ಬಂದಿಲ್ಲ.

ನಾಸ್ತಿಕ ಗೆದ್ದರೆ ಅವನಿಗೇನು ಸಿಗುತ್ತದೆ?

"ನಾನು ಹೇಳಿರಲಿಲ್ಲವೇ" ಎನ್ನುವ ಅವಕಾಶವೂ ಸಿಗುವುದಿಲ್ಲ. ಸೋತ ಆಸ್ತಿಕನಿಗೂ ಸೋತದ್ದು ಗೊತ್ತಾಗುವುದಿಲ್ಲ. ಈ ಬಾಜಿಯಲ್ಲಿ ಒಂದು ಕಡೆಯವರಿಗೆ ಮಾತ್ರ ತಾವು ಗೆದ್ದದ್ದು ತಿಳಿಯುತ್ತದೆ, ಅದೂ ಅವರು ಹೇಳಿದ್ದೇ ನಿಜವಾದರೆ.

ಅಲ್ಲಿಗೆ ಹೋದಮೇಲೆ ಜೂಜಾಡಬಹುದೇ?

ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಒಂದು ಕಥೆ ಹೇಳುತ್ತಾನೆ. ಈಜಿಪ್ಟಿನ ರಾಜ ರಾಂಪ್ಸಿನಿಟಸ್ ಜೀವಂತವಾಗಿ ಪಾತಾಳಕ್ಕೆ ಇಳಿದು ದೇವತೆಯೊಂದಿಗೆ ದಾಳ ಆಡಿದ, ಕೆಲವು ಆಟ ಗೆದ್ದ, ಕೆಲವು ಸೋತ, ಚಿನ್ನದ ವಸ್ತ್ರವೊಂದನ್ನು ಉಡುಗೊರೆ ಪಡೆದು ಮೇಲೆ ಬಂದ. ತುತಂಖಾಮನ್‌ನ ಸಮಾಧಿಯಲ್ಲಿ ಸೆನೆತ್ ಎಂಬ ಆಟದ ಮಣೆಗಳೇ ಸಿಕ್ಕಿವೆ. ಗ್ರೀಕರ ಪ್ರಕಾರ ಹೇಡಿಸ್‌ಗೆ ಪಾತಾಳ ಸಿಕ್ಕಿದ್ದೂ ಅಣ್ಣತಮ್ಮಂದಿರ ನಡುವೆ ಚೀಟಿ ಎತ್ತಿದಾಗ.

ಹೆಂಡತಿ, ಮಕ್ಕಳು, ಶಿಷ್ಯರು, ಇವರ ಪರವಾಗಿಯೂ ನಾನೇ ಕಟ್ಟಬಹುದೇ?

ಕಟ್ಟಬೇಡಿ. ಜೂಜಿನ ಇತಿಹಾಸದಲ್ಲೇ ಧರ್ಮರಾಯನಷ್ಟು ದೊಡ್ಡ ಸೋಲು ಸೋತವರಿಲ್ಲ. ರಾಜ್ಯ, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ. ಮೊದಲು ತನ್ನನ್ನು ಸೋತನೋ, ನನ್ನನ್ನೋ ಎಂಬ ಅವಳ ಪ್ರಶ್ನೆಗೆ ತುಂಬಿದ ಸಭೆಯಲ್ಲಿ ಭೀಷ್ಮನಿಗೂ ನೆಟ್ಟಗೆ ಉತ್ತರ ಕೊಡಲಾಗಲಿಲ್ಲ. ತನ್ನದಲ್ಲದ್ದನ್ನು ಪಣಕ್ಕಿಡುವ ಹಕ್ಕು ಯಾರಿಗಿದೆ? ಸ್ವರ್ಗದ ಹೆಸರು ಹೇಳಿ ಇನ್ನೊಬ್ಬರ ಪ್ರಾಣ, ದುಡಿಮೆ, ಪ್ರೀತಿಯನ್ನು ಪಣಕ್ಕಿಡುವವರಿಗೆ ಈ ಪ್ರಶ್ನೆಯನ್ನು ಇಂದಿಗೂ ಕೇಳಬೇಕು, ಗಟ್ಟಿಯಾಗಿ ಕೇಳಬೇಕು.

ಅದೇ ಧರ್ಮರಾಯ ಕೊನೆಯಲ್ಲಿ ಏನು ಮಾಡಿದ ನೋಡಿ. ನಾಯಿಯನ್ನು ಬಿಟ್ಟು ಬಾ ಎಂದಾಗ ಇಂದ್ರನ ರಥ ಹತ್ತಲಿಲ್ಲ. ಸ್ವರ್ಗದಲ್ಲಿ ದುರ್ಯೋಧನ ವಿರಾಜಮಾನನಾಗಿದ್ದ, ತನ್ನವರು ಯಾರೂ ಕಾಣಲಿಲ್ಲ. ಹುಡುಕುತ್ತ ನರಕಕ್ಕೆ ಹೋದಾಗ ಕತ್ತಲೆಯಲ್ಲಿ ತಮ್ಮಂದಿರ, ದ್ರೌಪದಿಯ ದನಿ ಕೇಳಿಸಿತು: ನೀನು ಬಂದದ್ದಕ್ಕೆ ತಂಪುಗಾಳಿ ಬೀಸಿತು, ಹೋಗಬೇಡ. ದೇವದೂತನಿಗೆ ನೀನು ವಾಪಸು ಹೋಗು, ನಾನು ಇಲ್ಲೇ ಇರುತ್ತೇನೆ ಎಂದುಬಿಟ್ಟ. ಗೆದ್ದ ಬಹುಮಾನವನ್ನೆಲ್ಲ ಮರಳಿಸಿ ತನ್ನವರ ಪಕ್ಕ ನಿಂತ. ಆಗ ನರಕವೇ ಕರಗಿತು. ಪ್ಯಾಸ್ಕಲ್‌ನ ಕೋಷ್ಟಕದಲ್ಲಿ ಇಂಥ ನಡೆಗೆ ಜಾಗವಿಲ್ಲ. ಪರಲೋಕದ ಬಗ್ಗೆ ನಾನು ಓದಿದ ಎಲ್ಲದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೊಂದೇ.

ಪ್ಯಾಸ್ಕಲ್ ಸ್ವತಃ ಏನನ್ನು ಪಣಕ್ಕಿಟ್ಟ?

ತನ್ನ ಮನೆಯನ್ನೇ. 1662ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ಐದು ಸೂ (ಆಗಿನ ಫ್ರೆಂಚ್ ನಾಣ್ಯ) ದರದ ಸಾರ್ವಜನಿಕ ಕುದುರೆಗಾಡಿಗಳು ಓಡತೊಡಗಿದವು. ಆ ಯೋಜನೆ ಅವನದು, ಅದರಿಂದ ಬರುವ ಹಣವನ್ನು ಬ್ಲುವಾ ಪ್ರದೇಶದ ಬಡವರಿಗೆ ಕಳಿಸಬೇಕೆಂದು ಆತುರಪಟ್ಟ. ಆ ಬೇಸಿಗೆಯಲ್ಲಿ ಅವನು ಆಶ್ರಯ ಕೊಟ್ಟಿದ್ದ ಬಡ ಕುಟುಂಬದ ಮಗುವಿಗೆ ಸಿಡುಬು ಬಂತು. ಮಗುವನ್ನು ಬೇರೆಡೆಗೆ ಸಾಗಿಸುವುದು ಅಪಾಯ ಎಂದು, ಕಾಯಿಲೆಯಲ್ಲಿದ್ದ ತಾನೇ ಮನೆ ಬಿಟ್ಟು ಅಕ್ಕನ ಮನೆಗೆ ಹೋದ. ಆಗಸ್ಟ್ 19ರಂದು ಅಲ್ಲಿಯೇ ತೀರಿಕೊಂಡ, ವಯಸ್ಸು 39.

ಗೆಳೆಯನೊಡನೆ ಈ ವಿಷಯವಾಗಿ ಹಣದ ಬಾಜಿ ಕಟ್ಟಿದ್ದೇನೆ. ವಸೂಲಿ ಹೇಗೆ?

ಎರಡು ಸಂಪ್ರದಾಯಗಳಿವೆ. ಈಗಿನ ಫ್ರಾನ್ಸಿನ ಕಡೆಯ ಪ್ರಾಚೀನ ಗಾಲ್ ಜನ ಪರಲೋಕದಲ್ಲಿ ತೀರಿಸುವ ಷರತ್ತಿನ ಮೇಲೆ ಸಾಲ ಕೊಡುತ್ತಿದ್ದರಂತೆ, ರೋಮನ್ ಲೇಖಕ ವಲೇರಿಯಸ್ ಮ್ಯಾಕ್ಸಿಮಸ್ ಬರೆದಿದ್ದಾನೆ. ಚಾರ್ವಾಕರದು ತದ್ವಿರುದ್ಧ: ಸಾಲ ಮಾಡಿಯಾದರೂ ತುಪ್ಪ ಕುಡಿ, ಸುಟ್ಟು ಬೂದಿಯಾದ ದೇಹ ಮರಳಿ ಬರುವುದೆಲ್ಲಿಂದ? ನಿಮ್ಮ ಗೆಳೆಯ ಗಾಲ್ ಪಂಥದವನಾದರೆ ಅವನಿಂದ ಧಾರಾಳವಾಗಿ ಸಾಲ ಪಡೆಯಿರಿ. ಚಾರ್ವಾಕನಾದರೆ ಮುಂಗಡವಾಗಿ ಹಣ ತೆಗೆದುಕೊಳ್ಳಿ. ಇಬ್ಬರಿಗೂ ಒಪ್ಪುವ ಏರ್ಪಾಡು ಒಂದಿದೆ: ಯಾರು ಮೊದಲು ಹೋದರೂ ಉಳಿದವನು ಬಾಜಿಯ ಹಣವನ್ನು ಹೋದವನ ಮನೆಯವರಿಗೆ ಕೊಡಬೇಕು. ಇದನ್ನು ಈಗಲೇ ಕಾಗದದ ಮೇಲೆ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.